ಡೆನ್ನಿಸ್ ರಿಚಿ: ‘ಸಿ’ ಭಾಷೆಯ ಜನಕ ಮತ್ತು ಕಣ್ಣಿಗೆ ಕಾಣದ ಒಂದು ಸೊನ್ನೆ

ಅಂಬರನಾಥ, ಡೊಂಬಿವಲಿ, ನವಿ ಮುಂಬಯಿಯ ಕಾರ್ಖಾನೆಗಳ ಕಂಟ್ರೋಲ್ ಬೋರ್ಡ್ ಇರಲಿ, ಕಾಲೇಜು ಹುಡುಗರು ಪ್ರಾಜೆಕ್ಟ್‌ಗೆಂದು ಕೊಳ್ಳುವ ಆರ್ಡುಯಿನೊ ಇರಲಿ, ಒಳಗಿನ ಮೈಕ್ರೊಕಂಟ್ರೋಲರ್‌ಗೆ ಬರೆಯುವ ಪ್ರೋಗ್ರಾಂ ಬಹುಪಾಲು ‘ಸಿ’ ಅಥವಾ ಅದರಿಂದ ಹುಟ್ಟಿದ ‘ಸಿ++’ ಭಾಷೆಯಲ್ಲೇ ಇರುತ್ತದೆ. ಆ ‘ಸಿ’ ಭಾಷೆಯನ್ನು ಕಟ್ಟಿದವರು ಡೆನ್ನಿಸ್ ರಿಚಿ. ಜಗತ್ತಿಗೆ ಇಷ್ಟು ದೊಡ್ಡ ಉಪಕಾರ ಮಾಡಿದ ಇವರ ಹೆಸರು ಜನಸಾಮಾನ್ಯರಿಗೆ ಗೊತ್ತಿರುವುದು ಮಾತ್ರ ಕಡಿಮೆ.

ರಿಚಿ ಹುಟ್ಟಿದ್ದು 1941ರ ಸೆಪ್ಟೆಂಬರ್ 9ರಂದು, ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ. ತಂದೆ ಅಲಿಸ್ಟೇರ್ ರಿಚಿ ಬೆಲ್ ಲ್ಯಾಬ್ಸ್ ವಿಜ್ಞಾನಿ. ಮಗ ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ, ಅನ್ವಯಿಕ ಗಣಿತ ಓದಿದರು. ಪಿಎಚ್‌.ಡಿ. ಪ್ರಬಂಧವನ್ನೂ ಬರೆದು ಮುಗಿಸಿದರು. ಆದರೆ ವಿಧಿಪೂರ್ವಕವಾಗಿ ಪ್ರತಿ ಸಲ್ಲಿಸಲೇ ಇಲ್ಲ, ಪದವಿಯೂ ಕೈಸೇರಲಿಲ್ಲ! 1967ರಲ್ಲಿ ತಂದೆ ದುಡಿದ ಬೆಲ್ ಲ್ಯಾಬ್ಸ್‌ಗೇ ಸೇರಿದರು.

ಅಲ್ಲಿ ಜೊತೆಯಾದವರು ಕೆನ್ ಥಾಮ್ಸನ್. 1969ರಲ್ಲಿ ಈ ಜೋಡಿ ಯುನಿಕ್ಸ್ ಕೆಲಸ ಶುರುಮಾಡಿತು. ಆಮೇಲೆ ಸಿಕ್ಕ ಪಿಡಿಪಿ-11 ಕಂಪ್ಯೂಟರ್‌ನ ಮೆಮೊರಿ ಬರೀ 24 ಕೆಬಿ. ಅದರಲ್ಲಿ 16 ಕೆಬಿ ಯುನಿಕ್ಸ್‌ಗೆ, ಉಳಿದ 8 ಕೆಬಿ ಬಳಕೆದಾರರ ಪ್ರೋಗ್ರಾಂಗೆ. ಥಾಮ್ಸನ್ ರೂಪಿಸಿದ್ದ ‘ಬಿ’ ಭಾಷೆ ಹೊಸ ಯಂತ್ರಕ್ಕೆ ಒಗ್ಗಲಿಲ್ಲ. 1971ರಿಂದ ರಿಚಿ ಅದನ್ನು ತಿದ್ದುತ್ತಾ ಹೋದರು. 1973ರ ಹೊತ್ತಿಗೆ ‘ಸಿ’ ಎಷ್ಟು ಗಟ್ಟಿಯಾಗಿತ್ತೆಂದರೆ, ಯುನಿಕ್ಸ್‌ನ ತಿರುಳನ್ನೇ ಆ ಭಾಷೆಯಲ್ಲಿ ಮತ್ತೆ ಬರೆಯಲಾಯಿತು.

ಈ ಭಾಷೆಯಲ್ಲಿ ಒಂದು ಸಣ್ಣ ನಿರ್ಧಾರವಿದೆ. ಅಕ್ಷರಗಳ ಸಾಲು, ಅಂದರೆ ಸ್ಟ್ರಿಂಗ್, ಎಲ್ಲಿ ಮುಗಿಯಿತೆಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಹಳೆಯ ಬಿಸಿಪಿಎಲ್ ಭಾಷೆ ಉದ್ದವನ್ನು ಮೊದಲೇ ಬರೆದಿಡುತ್ತಿತ್ತು. ಆ ಲೆಕ್ಕಕ್ಕೆ ಕೊಟ್ಟ ಜಾಗ ಚಿಕ್ಕದಾದ್ದರಿಂದ ಸ್ಟ್ರಿಂಗ್‌ನ ಉದ್ದಕ್ಕೂ ಮಿತಿ ಬೀಳುತ್ತಿತ್ತು. ‘ಬಿ’ಯಲ್ಲಿ ಥಾಮ್ಸನ್ ಕೊನೆಗೊಂದು ಗುರುತು ಇಡುವ ಪದ್ಧತಿ ತಂದರು. ‘ಸಿ’ಯಲ್ಲಿ ರಿಚಿ ಅದನ್ನೇ ಉಳಿಸಿಕೊಂಡರು. ಸೊನ್ನೆ ಬೆಲೆಯ ಒಂದು ಬೈಟ್ ಆ ಗುರುತಾಯಿತು.

ಅನುಕೂಲವೇನೋ ಆಯಿತು. ಆದರೆ ಎಷ್ಟು ಜಾಗ ಇದೆ, ಎಷ್ಟು ತುಂಬುತ್ತಿದೆ ಎಂದು ನೋಡಿಕೊಳ್ಳುವ ಹೊಣೆ ಪ್ರೋಗ್ರಾಂ ಬರೆಯುವವರ ಹೆಗಲಿಗೆ ಬಿತ್ತು. ಒಂದು ಉದಾಹರಣೆ ನೋಡಿ. ಡಿಸ್‌ಪ್ಲೇ ಬೋರ್ಡ್‌ನಲ್ಲಿ ಅಂಬರನಾಥ ಎಂದು ತೋರಿಸಬೇಕು. ಇಂಗ್ಲಿಷ್ ಲಿಪಿಯಲ್ಲಿ 9 ಅಕ್ಷರ, ಕೊನೆಯ ಸೊನ್ನೆ ಸೇರಿ 10 ಬೈಟ್. ಅದೇ ಹೆಸರು ಕನ್ನಡದಲ್ಲಿ ಯುನಿಕೋಡ್‌ನ 7 ಸಂಕೇತ. ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೂ 3 ಬೈಟ್, ಸೊನ್ನೆ ಸೇರಿ ಒಟ್ಟು 22! ಹತ್ತೇ ಬೈಟ್ ಕಾದಿರಿಸಿ ಕನ್ನಡ ಹೆಸರನ್ನು ತುಂಬಿದರೆ, ಉಳಿದ 12 ಬೈಟ್ ಪಕ್ಕದ ಜಾಗಕ್ಕೆ ನುಗ್ಗುತ್ತವೆ. ಅಲ್ಲಿದ್ದ ಲೆಕ್ಕ ಅಳಿಸಿಹೋಗುತ್ತದೆ. ಬೋರ್ಡ್ ತನ್ನಷ್ಟಕ್ಕೆ ರೀಸೆಟ್ ಆಗಬಹುದು, ಇಲ್ಲವೇ ಸಂಬಂಧವೇ ಇಲ್ಲದ ಇನ್ನೆಲ್ಲೋ ತಪ್ಪು ಕಾಣಿಸಬಹುದು. ಕೊನೆಯ ಸೊನ್ನೆ ಮರೆತರೂ ಅಷ್ಟೇ, ಓದುವಿಕೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಮುಂದಕ್ಕೆ ಓಡುತ್ತದೆ. ಆರ್ಡುಯಿನೊ ಉನೊ ಆರ್3 ಬೋರ್ಡ್‌ನಲ್ಲಿರುವ ರ‍್ಯಾಮ್ 2 ಕೆಬಿ ಮಾತ್ರ. ರಿಚಿ ಅವರ ಪಿಡಿಪಿ-11ಕ್ಕಿಂತಲೂ ಇಲ್ಲಿ ಬಡತನ ಹೆಚ್ಚು.

ಇದು ಬೋರ್ಡ್ ಕೆಡುವಷ್ಟಕ್ಕೆ ನಿಲ್ಲಲಿಲ್ಲ. 1988ರ ನವೆಂಬರ್ 2ರಂದು ಮಾರಿಸ್ ವರ್ಮ್ ಎಂಬ ಪ್ರೋಗ್ರಾಂ ಇಂಟರ್ನೆಟ್‌ನಲ್ಲಿ ಹರಡಿತು. ಅದು ಸುಮಾರು 6,000 ಕಂಪ್ಯೂಟರ್‌ಗಳಿಗೆ ತಗುಲಿತೆಂದು ಆಗ ಅಂದಾಜಿಸಲಾಯಿತು. ಅದು ಬಳಸಿದ ದಾರಿಗಳಲ್ಲಿ ಒಂದು, ‘ಗೆಟ್ಸ್’ ಎಂಬ ಫಂಕ್ಷನ್. ಜಾಗ ಎಷ್ಟಿದೆಯೆಂದು ಕೇಳದೆಯೇ ಬಂದದ್ದನ್ನೆಲ್ಲ ತುಂಬಿಸಿಕೊಳ್ಳುವುದು ಅದರ ಗುಣ.

ಆದರೆ ಆ ಸೊನ್ನೆ ಕನ್ನಡಕ್ಕೆ ಅಡ್ಡಿಯಾಗಲಿಲ್ಲ. 1992ರಲ್ಲಿ ಥಾಮ್ಸನ್ ಮತ್ತು ರಾಬ್ ಪೈಕ್ ಯುಟಿಎಫ್-8 ರೂಪಿಸಿದಾಗ, ಯಾವ ಅಕ್ಷರದ ಬೈಟ್‌ಗಳ ನಡುವೆಯೂ ಸೊನ್ನೆ ಬರದಂತೆ ನೋಡಿಕೊಂಡರು. ಹೀಗಾಗಿ ‘ಸಿ’ಯ ಹಳೆಯ ಸ್ಟ್ರಿಂಗ್‌ಗಳಲ್ಲೇ ಕನ್ನಡವೂ ಕೂರುತ್ತದೆ, ಜಾಗ ಸಾಲುವಷ್ಟಿದ್ದರೆ.

1978ರಲ್ಲಿ ಬ್ರಯನ್ ಕರ್ನಿಗನ್ ಜೊತೆ ರಿಚಿ ಬರೆದ ಪುಸ್ತಕ ಇಂದಿಗೂ ‘ಸಿ’ ಕಲಿಯುವವರ ಕೈಯಲ್ಲಿದೆ. 1983ರಲ್ಲಿ ಥಾಮ್ಸನ್ ಜೊತೆ ಟ್ಯೂರಿಂಗ್ ಪ್ರಶಸ್ತಿ, 2011ರಲ್ಲಿ ಜಪಾನ್ ಪ್ರಶಸ್ತಿ ಬಂದವು. 2007ರಲ್ಲಿ ನಿವೃತ್ತರಾದ ರಿಚಿ, 2011ರ ಅಕ್ಟೋಬರ್ 12ರಂದು ನ್ಯೂಜೆರ್ಸಿಯ ಬರ್ಕ್ಲಿ ಹೈಟ್ಸ್‌ನ ತಮ್ಮ ಮನೆಯಲ್ಲಿ ಮೃತಪಟ್ಟಿದ್ದು ಕಂಡುಬಂತು. ಒಬ್ಬರೇ ವಾಸವಾಗಿದ್ದರು. ವಾರದ ಹಿಂದೆ ತೀರಿಕೊಂಡ ಸ್ಟೀವ್ ಜಾಬ್ಸ್‌ಗಾಗಿ ಜಗತ್ತೇ ಕಂಬನಿ ಮಿಡಿದಿತ್ತು. ರಿಚಿ ಸಾವು ಅಷ್ಟು ಸುದ್ದಿಯಾಗಲಿಲ್ಲ.

ಅದೇ ವರ್ಷದ ಡಿಸೆಂಬರ್‌ನಲ್ಲಿ ಹೊರಬಂದ ‘ಸಿ’ಯ ಹೊಸ ಮಾನದಂಡ ‘ಗೆಟ್ಸ್’ ಅನ್ನು ಕೈಬಿಟ್ಟಿತು. ಕೊನೆಯ ಸೊನ್ನೆ ಮಾತ್ರ ಹಾಗೆಯೇ ಉಳಿದಿದೆ. ಅದಕ್ಕೆ ಒಂದು ಬೈಟ್ ಜಾಗ ಬಿಡುವ ಕೆಲಸ ಈಗಲೂ ಬರೆಯುವವರದ್ದೇ.