ಚಿತ್ರದಲ್ಲಿ ವಯಸ್ಸೇ ಆಗದ ರಾಣಿ: ತಾಮ್ರದ ತಗಡಿನ ಮೇಲೆ ಎಲಿಜಬೆತ್

ಈಸ್ಟ್ ಇಂಡಿಯಾ ಕಂಪನಿ ಹೆಸರು ಕೇಳದವರಿಲ್ಲ. ಅದಕ್ಕೆ 1600ರ ಡಿಸೆಂಬರ್ 31ರಂದು ವ್ಯಾಪಾರದ ಸನ್ನದು ಕೊಟ್ಟವರು ಇಂಗ್ಲೆಂಡಿನ ರಾಣಿ ಒಂದನೇ ಎಲಿಜಬೆತ್. ಆಗ ಅವರಿಗೆ 67 ವರ್ಷ. ಆ ಹೊತ್ತಿನ ಹಲವು ಚಿತ್ರಗಳಲ್ಲಿ ಮಾತ್ರ ಇನ್ನೂ ಎಳೆ ಹೆಂಗಸು!

ಹುಟ್ಟಿದ್ದು 1533ರ ಸೆಪ್ಟೆಂಬರ್ 7, ಗ್ರೀನಿಚ್ ಅರಮನೆಯಲ್ಲಿ. ಮೂರು ತುಂಬುವ ಮೊದಲೇ ತಾಯಿ ಆ್ಯನ್ ಬೊಲಿನ್ ತಲೆ ಕಡಿಸಿದ್ದು ಸ್ವಂತ ಅಪ್ಪ, ಎಂಟನೇ ಹೆನ್ರಿ. 1558ರಲ್ಲಿ, 25ರ ಪ್ರಾಯಕ್ಕೆ, ಪಟ್ಟ ಸಿಕ್ಕಿತು. ಮದುವೆ ಆಗಲಿಲ್ಲ, ವಾರಸುದಾರರಿಲ್ಲ. 1562ರಲ್ಲಿ ಸಿಡುಬು ಬಂದು ರಾಣಿ ಸಾವಿನ ದವಡೆಯಿಂದ ಪಾರಾದಾಗ, ಮುಂದೆ ಯಾರು ಅನ್ನೋ ಪ್ರಶ್ನೆ ಎಲ್ಲರ ಎದೆ ನಡುಗಿಸಿತ್ತು. ರಾಣಿ ಸೊರಗಿದಂತೆ ಜನಕ್ಕೆ ಕಂಡರೆ ಗಾದಿಗೇ ಅಪಾಯ.

ಮರುವರ್ಷವೇ ಒಂದು ಘೋಷಣೆಯ ಕರಡು ತಯಾರಾಯಿತು. ಕಂಡಕಂಡವರು ರಾಣಿಯ ಮುಖ ಬರೆಯುವಂತಿಲ್ಲ, ನುರಿತ ಕಲಾವಿದನೊಬ್ಬ ಮಾದರಿ ಮಾಡಿಕೊಡುವವರೆಗೆ ಕಾದು, ಆಮೇಲೆ ಅದನ್ನೇ ನಕಲು ಮಾಡಬೇಕು ಅನ್ನೋದು ಅದರ ತಿರುಳು.

ಬಣ್ಣದ ಚಿತ್ರ ದೊಡ್ಡವರ ಮನೆ ಗೋಡೆಗಷ್ಟೇ. ಕೆತ್ತನೆ ಚಿತ್ರ ಹಾಗಲ್ಲ. ತಾಮ್ರದ ತಗಡಿನ ಮೇಲೆ ಚೂಪು ಉಳಿಯಿಂದ ಗೆರೆ ಕೊರೆಯಬೇಕು, ಅದೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ. ಗೆರೆಯೊಳಗೆ ಮಸಿ ತುಂಬಿ, ಮೇಲಿನದ್ದು ಒರೆಸಿ, ಒದ್ದೆ ಕಾಗದ ಇಟ್ಟು ಒತ್ತಿದರೆ ಚಿತ್ರ ರೆಡಿ. ಒಂದೇ ತಗಡಿನಿಂದ ನೂರಾರು ಪ್ರತಿ ತೆಗೀಬಹುದು. 1579ರಲ್ಲಿ ಕ್ರಿಸ್ಟೋಫರ್ ಸ್ಯಾಕ್ಸ್‌ಟನ್ ಇಂಗ್ಲೆಂಡ್, ವೇಲ್ಸ್ ಪ್ರಾಂತ್ಯಗಳ ನಕಾಶೆ ಪುಸ್ತಕ ತಂದಾಗ ಆರಂಭದಲ್ಲೇ ಸಿಂಹಾಸನದ ಮೇಲೆ ಕೂತ ರಾಣಿಯ ಕೆತ್ತನೆ ಇತ್ತು. ಊರು ಯಾವುದಾದರೇನು, ಒಡತಿ ಯಾರು ಅಂತ ಮೊದಲು ಗೊತ್ತಾಗಬೇಕಲ್ಲ.

ವಯಸ್ಸು ಏರಿದಂತೆ ಬಿಗಿಯೂ ಏರಿತು. ರಾಣಿಗೆ ಒಪ್ಪದ ಚಿತ್ರಗಳನ್ನು ಹುಡುಕಿ ಹಾಳುಗೆಡವಿ ಅಂತ 1596ರಲ್ಲಿ ಪ್ರಿವಿ ಕೌನ್ಸಿಲ್ ಆದೇಶ ಹೊರಡಿಸಿತು. ಎರಡು ವರ್ಷ ಬಿಟ್ಟು ಗ್ರೀನಿಚ್‌ನಲ್ಲಿ ಅವರನ್ನು ಕಣ್ಣಾರೆ ಕಂಡ ಜರ್ಮನಿಯ ಪ್ರವಾಸಿ ಪಾಲ್ ಹೆಂಟ್ಸ್‌ನರ್ ಬರೆದಿಟ್ಟಿದ್ದು ಬೇರೆಯೇ: ಸುಕ್ಕುಗಟ್ಟಿದ ಮುಖ, ಕಪ್ಪಾದ ಹಲ್ಲು, ತಲೆ ಮೇಲೆ ಕೆಂಚು ಟೋಪನ್.

ಇದ್ದದ್ದನ್ನು ಇದ್ದಂತೆ ಬರೆದ ಕಲಾವಿದನೂ ಇದ್ದ. ಅವನು ಐಸಾಕ್ ಆಲಿವರ್. 1590ರ ಆಸುಪಾಸಿನಲ್ಲಿ ಅವನು ಮಾಡಿದ ಪುಟ್ಟ ಚಿತ್ರದಲ್ಲಿ ರಾಣಿಗೆ ವಯಸ್ಸಾದದ್ದು ಕಾಣುತ್ತೆ. ಅದು ಅರ್ಧಕ್ಕೇ ನಿಂತಿತು.

1603ರ ಮಾರ್ಚ್ 24ರಂದು ರಿಚ್ಮಂಡ್ ಅರಮನೆಯಲ್ಲಿ ಎಲಿಜಬೆತ್ ತೀರಿಕೊಂಡರು. ಆ ಸುಮಾರಿಗೆ ಕ್ರಿಸ್ಪಿನ್ ಡೆ ಪಾಸ್ ಕೆತ್ತಿದ ನಿಲುಚಿತ್ರ ಹೊರಬಂತು. ಕೈಯಲ್ಲಿ ರಾಜದಂಡ, ಗೋಳ, ಮೈತುಂಬ ಒಡವೆ. ಅದಕ್ಕೆ ಆಧಾರ ಆಲಿವರ್‌ನ ಚಿತ್ರ. ಅದರಲ್ಲಿರೋದು ಹುಡುಗಿಯ ಮುಖವಲ್ಲ.