ಮುಸ್ಸಂಜೆಯ ಲೋಕದ ಕಥೆಗಾರ: ರಾಡ್ ಸರ್ಲಿಂಗ್

ಕಳೆದ ಬೇಸಗೆಯ ರಜೆಯಲ್ಲಿ ಅಟ್ಟದ ಮೇಲಿನ ಹಳೆಯ ಟ್ರಂಕನ್ನು ಇಳಿಸಿ ಧೂಳು ಕೊಡವುತ್ತಿದ್ದಾಗ ಡಿವಿಡಿಗಳ ಪೆಟ್ಟಿಗೆಯೊಂದು ನನ್ನ ಕೈಗೆ ಸಿಕ್ಕಿತು. ನಾನು ಹೈಸ್ಕೂಲಿನಲ್ಲಿದ್ದಾಗ ಸೋದರಮಾವ ಹೊರದೇಶದಿಂದ ತಂದುಕೊಟ್ಟಿದ್ದ 'ಟ್ವೈಲೈಟ್ ಝೋನ್' ಎಂಬ ಅಮೆರಿಕದ ದೂರದರ್ಶನ ಮಾಲಿಕೆ ಅದು. ಟ್ವೈಲೈಟ್ ಎಂದರೆ ಹಗಲೂ ಅಲ್ಲದ ಇರುಳೂ ಅಲ್ಲದ ಮುಸ್ಸಂಜೆ. ಆಗ ಮಾವನೂ ನಾನೂ ನಡುಮನೆಯಲ್ಲಿ ಚಾಪೆ ಹಾಸಿಕೊಂಡು, ದೀಪ ಆರಿಸಿ, ಆ ಕಪ್ಪುಬಿಳುಪಿನ ಕಥೆಗಳನ್ನು ನೋಡಿ ಬೆಚ್ಚಿದ್ದೆವು. ಮಾವ ಈಗ ಇಲ್ಲ. ಈ ಸಲ ನಾನೊಬ್ಬನೇ ಕುಳಿತು ನೋಡಿದೆ.

ಕಥೆಗಳ ಕೊನೆಯೆಲ್ಲ ನನಗೆ ಗೊತ್ತಿದ್ದುದರಿಂದ ಭಯವೇನೂ ಆಗಲಿಲ್ಲ. ಆದರೆ ಭಯವಿದ್ದ ಜಾಗದಲ್ಲಿ ಬೇರೇನೋ ಕಾಣತೊಡಗಿತು. ಕಪ್ಪು ಸೂಟು ತೊಟ್ಟು, ತುಟಿ ಬಿಗಿಹಿಡಿದು ಮುನ್ನುಡಿ ಹೇಳುವ ಆ ಕುಳ್ಳ ಮನುಷ್ಯನಿಗೆ ಯಾವುದೋ ಸಿಟ್ಟಿದೆ, ಯಾವುದೋ ದುಃಖವಿದೆ ಎನಿಸಿತು. ಅವನಾರೆಂದು ತಿಳಿಯುವ ಕುತೂಹಲದಿಂದ ಓದತೊಡಗಿದೆ. ಹಾಗೆ ತಿಳಿದುದನ್ನು ನನ್ನ ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ರಾಡ್ ಸರ್ಲಿಂಗ್ 1924ನೆಯ ಇಸವಿ ಡಿಸೆಂಬರ್ 25ರಂದು ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ನಗರದಲ್ಲಿ ಒಂದು ಯೆಹೂದಿ ಕುಟುಂಬದಲ್ಲಿ ಹುಟ್ಟಿದನು. ಅವನು ಕೂಸಾಗಿದ್ದಾಗಲೇ ಮನೆಯವರು ಅದೇ ರಾಜ್ಯದ ಬಿಂಗ್‌ಹ್ಯಾಮ್‌ಟನ್ ಎಂಬ ಊರಿಗೆ ಬಂದು ನೆಲೆಸಿದರು. ತಂದೆಗೆ ಅಂಗಡಿ ವ್ಯಾಪಾರ. ಆ ಊರಿನ ಉದ್ಯಾನವನದಲ್ಲಿ ಮರದ ಕುದುರೆಗಳು ತಿರುಗುವ ಒಂದು ರಾಟವಾಳವಿತ್ತು. ಆ ರಾಟವಾಳದ ಸಂಗೀತ ಸರ್ಲಿಂಗನ ಕಿವಿಯಿಂದ ಕೊನೆಯವರೆಗೂ ಮರೆಯಾಗಲಿಲ್ಲವೆಂದೇ ನನ್ನ ಭಾವನೆ.

1943ರಲ್ಲಿ ಹೈಸ್ಕೂಲು ಮುಗಿಸಿದ ಕೂಡಲೇ ಅವನು ಸೈನ್ಯಕ್ಕೆ ಸೇರಿದನು. ವಿಮಾನದಿಂದ ಧುಮುಕುವ ಪ್ಯಾರಾಟ್ರೂಪರ್ ದಳದಲ್ಲಿ ತರಬೇತು ಪಡೆದು, ಫಿಲಿಪೈನ್ಸಿನ ಲೇತೆ ದ್ವೀಪದಲ್ಲೂ ಮನಿಲಾ ನಗರದಲ್ಲೂ ಜಪಾನೀಯರ ವಿರುದ್ಧ ಹೋರಾಡಿದನು. ಲೇತೆಯಲ್ಲಿ ಅವನ ಕಣ್ಣೆದುರೇ ಅವನ ಗೆಳೆಯನೊಬ್ಬನು ಸತ್ತನು. ಗೆಳೆಯನನ್ನು ಕೊಂದುದು ಶತ್ರುವಿನ ಗುಂಡಲ್ಲ. ಹಸಿದ ಸೈನಿಕರಿಗೆಂದು ವಿಮಾನದಿಂದ ಕೆಳಗೆ ಹಾಕಿದ ಆಹಾರದ ಪೆಟ್ಟಿಗೆಯೇ ಅವನ ಮೇಲೆ ಬಿದ್ದಿತ್ತು. ಸಾವು ಹೀಗೂ ಬರಬಹುದೆಂಬುದನ್ನು ಕಂಡ ಹುಡುಗನಿಗೆ ಆಗ ಇಪ್ಪತ್ತರ ಹರೆಯ. ಅವನ ಮಂಡಿಗೂ ಗಾಯವಾಯಿತು. ಆ ನೋವು ಜೀವಮಾನವೆಲ್ಲ ಉಳಿಯಿತು. 1945ರಲ್ಲಿ ಅವನಿನ್ನೂ ಸೈನ್ಯದಲ್ಲಿದ್ದಾಗಲೇ ಊರಿನಲ್ಲಿ ತಂದೆ ಹೃದಯಾಘಾತದಿಂದ ತೀರಿಕೊಂಡನು. ಅಂತ್ಯಕ್ರಿಯೆಗೆ ಹೋಗಲು ಮಗನಿಗೆ ರಜೆ ದೊರೆಯಲಿಲ್ಲ.

ಯುದ್ಧ ಮುಗಿದ ಮೇಲೆ ಸೈನಿಕರಿಗೆ ಸರ್ಕಾರ ಕೊಡುತ್ತಿದ್ದ ವಿದ್ಯಾರ್ಥಿವೇತನದಿಂದ ಅವನು ಒಹಾಯೋ ರಾಜ್ಯದ ಆಂಟಿಯಾಕ್ ಕಾಲೇಜನ್ನು ಸೇರಿದನು. ಮೊದಲು ಹಿಡಿದದ್ದು ವ್ಯಾಯಾಮ ಶಿಕ್ಷಣವನ್ನು. ಆದರೆ ಇರುಳಿನ ಕೆಟ್ಟ ಕನಸುಗಳಿಂದ ಬಿಡುಗಡೆ ಬೇಕಾಗಿತ್ತು. ಅದಕ್ಕೆ ಬರೆವಣಿಗೆಯೇ ಮದ್ದೆಂದು ಕಂಡು ಸಾಹಿತ್ಯಕ್ಕೆ ತಿರುಗಿದನು. ಅಲ್ಲಿಯೇ ಪರಿಚಯವಾದ ಕ್ಯಾರಲ್ ಕ್ರೇಮರಳನ್ನು 1948ರಲ್ಲಿ ಮದುವೆಯಾಗಿ, 1950ರಲ್ಲಿ ಪದವೀಧರನಾದನು. ಕಥೆಗಳು ತಿರಸ್ಕೃತವಾಗಿ ಹಿಂದಿರುಗಿ ಬರುತ್ತಿದ್ದರೂ ಎದೆಗುಂದದೆ ರೇಡಿಯೋಗೂ ದೂರದರ್ಶನಕ್ಕೂ ಬರೆಯುತ್ತಲೇ ಹೋದನು.

ಅಂದಿನ ದೂರದರ್ಶನ ನಾಟಕವೆಂದರೆ ನಟರು ಕ್ಯಾಮೆರಾದ ಮುಂದೆ ಆಡುತ್ತಿದ್ದಂತೆಯೇ ಮನೆಮನೆಯಲ್ಲಿ ಕಾಣುತ್ತಿದ್ದ ನಾಟಕ. ಆಡಿ ಮುಗಿದರೆ ಮುಗಿಯಿತು. 1955ರ ಜನವರಿ 12ರಂದು ಅವನ 'ಪ್ಯಾಟರ್ನ್ಸ್' ಎಂಬ ನಾಟಕ ಪ್ರಸಾರವಾಗಿ ಬಹಳ ಮೆಚ್ಚುಗೆ ಗಳಿಸಿತು. ಜನ ಮತ್ತೆ ನೋಡಬೇಕೆಂದರು. ಮತ್ತೆ ತೋರಿಸುವುದೆಂದರೆ ಮತ್ತೆ ಆಡುವುದೇ ಆಗಿತ್ತು! ಫೆಬ್ರವರಿ 9ರಂದು ಆ ನಾಟಕವನ್ನು ಇನ್ನೊಮ್ಮೆ ಆಡಿದರು. ಬೇಕೆಂದಾಗ ತಟ್ಟೆಯನ್ನು ಯಂತ್ರಕ್ಕಿಟ್ಟು ನೋಡುವ ನಾವು ಈ ಸಂಗತಿಯನ್ನು ಒಂದು ಗಳಿಗೆ ನೆನೆಯಬೇಕು. ಆ ನಾಟಕಕ್ಕೂ, ಮರುವರ್ಷ ಬಂದ 'ರಿಕ್ವಿಯಂ ಫಾರ್ ಎ ಹೆವಿವೇಟ್' ಎಂಬ ಮುಷ್ಟಿಮಲ್ಲನ ಕಥೆಗೂ ಸರ್ಲಿಂಗನಿಗೆ ಎಮಿ ಪ್ರಶಸ್ತಿಗಳು ಬಂದುವು. ಕೀರ್ತಿಯೂ ಹಣವೂ ಒಟ್ಟಿಗೆ ಒದಗಿದುವು.

ಆದರೆ ಕಷ್ಟ ಮೊದಲಾದದ್ದೂ ಆಗಲೇ. 1955ರ ಆಗಸ್ಟಿನಲ್ಲಿ ಮಿಸಿಸಿಪ್ಪಿ ರಾಜ್ಯದಲ್ಲಿ ಎಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಕಪ್ಪು ಜನಾಂಗದ ಬಾಲಕನನ್ನು ಬಿಳಿಯರು ಕೊಂದರು. ಆರೋಪಿಗಳಿಗೆ ನ್ಯಾಯಾಲಯದಲ್ಲಿ ಬಿಡುಗಡೆಯಾಯಿತು. ಮನನೊಂದ ಸರ್ಲಿಂಗ್ ಆ ವಿಷಯವನ್ನೆತ್ತಿಕೊಂಡು ನಾಟಕ ಬರೆದನು. ಕಾರ್ಯಕ್ರಮಕ್ಕೆ ಹಣ ಕೊಡುವವರಿಗೆ ದಕ್ಷಿಣದ ಗಿರಾಕಿಗಳು ಮುನಿದಾರೆಂಬ ಹೆದರಿಕೆ. ಕಥೆ ನಡೆಯುವ ಊರನ್ನು ದಕ್ಷಿಣದಿಂದ ಉತ್ತರಕ್ಕೆ ಸಾಗಿಸಿದರು. ಸತ್ತವನು ಯಾರೋ ಪರದೇಶಿಯಾದನು. ದಕ್ಷಿಣವನ್ನು ನೆನಪಿಗೆ ತಂದೀತೆಂದು ಒಂದು ತಂಪು ಪಾನೀಯದ ಬಾಟಲಿಯನ್ನು ಕೂಡ ತೆಗೆದುಹಾಕಿದರು. 1958ರಲ್ಲಿ ಅವನು ಅದೇ ವಿಷಯವನ್ನು ಮತ್ತೊಮ್ಮೆ ಹಿಡಿದನು. ಈ ಸಲ ಕಥೆ 1870ರ ದಶಕಕ್ಕೆ ಹೋಯಿತು, ಸಾಯುವವನು ಮೆಕ್ಸಿಕೋ ಮೂಲದವನಾದನು. ಹೀಗೆ ಎರಡು ಸಲವೂ ನಾಟಕ ಉಳಿಯಿತು, ಆದರೆ ಹೇಳಬೇಕಾದ ಮಾತು ಹೋಯಿತು.

ಬೇರೆಯವನಾಗಿದ್ದರೆ ಲೇಖನಿಯನ್ನು ಕೆಳಗಿಡುತ್ತಿದ್ದನು, ಇಲ್ಲವೆ ಕೊಟ್ಟ ಹಣ ತೆಗೆದುಕೊಂಡು ಸುಮ್ಮನಿರುತ್ತಿದ್ದನು. ಸರ್ಲಿಂಗ್ ಮೂರನೆಯ ದಾರಿ ಹಿಡಿದನು. ನೆರೆಯೂರಿನ ಹೆಸರೆತ್ತಿದರೆ ಬಾಯಿ ಮುಚ್ಚಿಸುವವರು, ಬೇರೊಂದು ಗ್ರಹದ ಹೆಸರೆತ್ತಿದರೆ ಮಕ್ಕಳ ಕಥೆಯೆಂದು ನಕ್ಕು ಬಿಟ್ಟುಬಿಡುವರೆಂಬ ಗುಟ್ಟು ಅವನಿಗೆ ಹೊಳೆಯಿತು. ನಮ್ಮ ಪಂಚತಂತ್ರದ ನರಿ ಸಿಂಹಗಳು ಅರಸುಮಕ್ಕಳಿಗೆ ಬುದ್ಧಿ ಹೇಳಿದುದೂ ಈ ಬಗೆಯ ಉಪಾಯದಿಂದಲೇ ಅಲ್ಲವೆ? 1959ರ ಅಕ್ಟೋಬರ್ 2ರಂದು ಸಿಬಿಎಸ್ ಸಂಸ್ಥೆಯಲ್ಲಿ ಆರಂಭವಾದ 'ಟ್ವೈಲೈಟ್ ಝೋನ್' ಐದು ವರ್ಷ ನಡೆಯಿತು. ಒಟ್ಟು 156 ಕಥೆಗಳು. ಅವುಗಳಲ್ಲಿ 92ನ್ನು ಬರೆದವನು ಅವನೊಬ್ಬನೇ.

'ಮೇಪಲ್ ಬೀದಿಗೆ ಬರಲಿರುವ ರಾಕ್ಷಸರು' ಎಂದು ನಾವು ಕರೆಯಬಹುದಾದ 1960ರ ಕಥೆಯನ್ನೇ ನೋಡಿ. ಒಂದು ಸಂಜೆ ಬೀದಿಯ ದೀಪಗಳು ಆರುತ್ತವೆ, ಮೋಟಾರುಗಳು ನಿಲ್ಲುತ್ತವೆ. ಅನ್ಯಗ್ರಹದವರು ಮನುಷ್ಯರ ವೇಷದಲ್ಲಿ ನಮ್ಮ ನಡುವೆಯೇ ಇರಬಹುದೆಂದು ಒಬ್ಬ ಹುಡುಗ ಹೇಳುತ್ತಾನೆ. ಅಷ್ಟೇ ಸಾಕಾಗುತ್ತದೆ. ನಿನ್ನೆಯವರೆಗೆ ಜೊತೆಗಿದ್ದ ನೆರೆಹೊರೆಯವರು ಒಬ್ಬರನ್ನೊಬ್ಬರು ಶಂಕಿಸಿ, ಕತ್ತಲಲ್ಲಿ ಬರುತ್ತಿದ್ದ ತಮ್ಮವನನ್ನೇ ಗುಂಡಿಕ್ಕಿ ಕೊಲ್ಲುತ್ತಾರೆ. ದೂರದ ಗುಡ್ಡದ ಮೇಲೆ ನಿಂತ ಅನ್ಯಗ್ರಹದವರು ದೀಪ ಆರಿಸುವುದರ ಹೊರತು ಬೇರೇನೂ ಮಾಡಬೇಕಾಗುವುದಿಲ್ಲ. ಹೈಸ್ಕೂಲಿನಲ್ಲಿ ನಾನು ಇದರಲ್ಲಿ ಕಂಡದ್ದು ಆ ಗುಡ್ಡದ ಮೇಲಿನವರನ್ನು. ಈಗ ಕಂಡದ್ದು ಬೀದಿಯವರನ್ನು. ಅವರ ಮುಖಗಳು ನನಗೆ ಅಪರಿಚಿತವೆನಿಸಲಿಲ್ಲ.

ಇವನಲ್ಲಿ ದೋಷವಿರಲಿಲ್ಲವೆಂದಲ್ಲ. ವಾರಕ್ಕೊಂದು ಕಥೆ ಒದಗಿಸುವ ಅವಸರದಲ್ಲಿ ಸಪ್ಪೆಯಾದುವೂ ಇವೆ. ಕೆಲವೆಡೆ ಪಾತ್ರಗಳು ಮಾತು ಬಿಟ್ಟು ಉಪನ್ಯಾಸ ಆರಂಭಿಸುತ್ತವೆ. ಖರ್ಚು ಉಳಿಸಲೆಂದು ಎರಡನೆಯ ವರ್ಷ ಆರು ಕಥೆಗಳನ್ನು ಫಿಲ್ಮಿನ ಬದಲು ವಿಡಿಯೋ ಟೇಪಿನಲ್ಲಿ ತೆಗೆದರು. ಡಿವಿಡಿಯಲ್ಲಿ ನೋಡುವಾಗ ಅವುಗಳ ಮಂಕು ಥಟ್ಟನೆ ಕಣ್ಣಿಗೆ ಹೊಡೆಯುತ್ತದೆ.

ಆದರೆ 'ವಾಕಿಂಗ್ ಡಿಸ್ಟೆನ್ಸ್' ಎಂಬ ಕಥೆಯ ಮುಂದೆ ಈ ದೋಷಗಳೆಲ್ಲ ಮರೆತುಹೋದುವು. ನಗರದ ದುಡಿಮೆಯಿಂದ ಬಳಲಿದ ಮೂವತ್ತಾರರ ಗೃಹಸ್ಥನೊಬ್ಬನು ತನ್ನ ಬಾಲ್ಯದ ಊರಿಗೆ ನಡೆದು ಹೋಗುತ್ತಾನೆ. ಅಲ್ಲಿ ಕಾಲವೇ ಹಿಂದೆ ಸರಿದಿದೆ. ತೀರಿಕೊಂಡ ತಂದೆತಾಯಿಗಳು ಬದುಕಿದ್ದಾರೆ, ತಾನೇ ಹುಡುಗನಾಗಿ ರಾಟವಾಳದ ಮೇಲೆ ಕುಳಿತಿದ್ದಾನೆ. ಅವನು ಅಲ್ಲಿಯೇ ಉಳಿಯಬಯಸುತ್ತಾನೆ. ತಂದೆ ಅವನನ್ನು ಗುರುತಿಸಿ, ಈ ಬೇಸಗೆ ಆ ಹುಡುಗನ ಪಾಲಿನದು, ನೀನು ಹಿಂದಿರುಗೆಂದು ಅಕ್ಕರೆಯಿಂದಲೇ ತಿಳಿಹೇಳಿ ಕಳುಹಿಸುತ್ತಾನೆ. ಹಿಂದಿರುಗುವಾಗ ಅವನ ಒಂದು ಕಾಲು ಕುಂಟುತ್ತಿರುತ್ತದೆ. ಮೊದಲ ಸಲ ನನಗಿದು ಬರಿಯ ಚಮತ್ಕಾರವೆನಿಸಿತ್ತು. ತಂದೆಯ ಅಂತ್ಯಕ್ರಿಯೆಗೆ ಹೋಗಲಾಗದ ಸೈನಿಕನೊಬ್ಬನು, ಮಂಡಿಯ ನೋವನ್ನು ಹೊತ್ತವನು, ಇದನ್ನು ಬರೆದನೆಂದು ತಿಳಿದ ಮೇಲೆ ನೋಡಿದಾಗ ಕಣ್ಣು ತೇವವಾಯಿತು. ನಡುಮನೆಯ ಚಾಪೆಯ ಮೇಲೆ ನನ್ನ ಪಕ್ಕದ ಜಾಗ ಬರಿದಾಗಿತ್ತು.

1964ರಲ್ಲಿ ಮಾಲಿಕೆ ನಿಂತಿತು. ಸರ್ಲಿಂಗ್ ತನ್ನ ಪಾಲಿನ ಹಕ್ಕನ್ನು ಸಿಬಿಎಸ್ಸಿಗೆ ಮಾರಿಬಿಟ್ಟನು. 1968ರ 'ಪ್ಲಾನೆಟ್ ಆಫ್ ದಿ ಏಪ್ಸ್' ಚಿತ್ರಕತೆಯಲ್ಲಿ ಅವನ ಕೈಯಿತ್ತು. ಆಮೇಲೆ ಬಂದ 'ನೈಟ್ ಗ್ಯಾಲರಿ'ಯಲ್ಲಿ ಹೆಸರು ಅವನದಾದರೂ ಅಧಿಕಾರ ಬೇರೆಯವರದಾಗಿತ್ತು. ಕೊನೆಯ ವರ್ಷಗಳಲ್ಲಿ ಇಥಾಕ ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ಪಾಠ ಹೇಳಿದನು. ಸಿಗರೇಟು ಕೈಬಿಡಲಿಲ್ಲ, ಹೃದಯ ಸೋತಿತು. 1975ರ ಜೂನ್ 28ರಂದು, ಶಸ್ತ್ರಚಿಕಿತ್ಸೆಯ ಬಳಿಕ, ಐವತ್ತನೆಯ ವಯಸ್ಸಿನಲ್ಲೇ ತಂದೆಯಂತೆ ಹೃದಯದ ಬೇನೆಯಿಂದ ತೀರಿಕೊಂಡನು.

ಸಾಯುವುದಕ್ಕೆ ಕೆಲವು ತಿಂಗಳ ಮುಂಚೆ, ತನ್ನ ಬರೆಹ ಆ ಹೊತ್ತಿಗೆ ಸಲ್ಲುವಂಥದು, ಕಾಲದ ಪರೀಕ್ಷೆಯಲ್ಲಿ ನಿಲ್ಲುವಂಥದು ಬಹಳವಿಲ್ಲವೆಂದು ಅವನು ಭಾವಿಸಿದ್ದನು. ಆ ಕಥೆಗಳು 1980ರ ದಶಕದಲ್ಲಿ ವಿಡಿಯೋ ಕ್ಯಾಸೆಟ್ಟಾಗಿ, ಆಮೇಲೆ ಡಿವಿಡಿಯಾಗಿ, 2010ರಿಂದ ಬ್ಲೂ-ರೇ ಆಗಿ ಮನೆಗಳಿಗೆ ಬಂದುವು. ನಮ್ಮ ಮನೆಯ ಅಟ್ಟದವರೆಗೂ ಬಂದುವು. ತನ್ನ ವಿಷಯದಲ್ಲಿ ಅವನು ಕೊಟ್ಟುಕೊಂಡ ತೀರ್ಪು ತಪ್ಪಾಯಿತೆಂದು ಸಂತೋಷದಿಂದ ಹೇಳುತ್ತೇನೆ. ನೇರವಾಗಿ ಆಡಲು ಬಿಡದ ಮಾತನ್ನು ಕಥೆಯ ವೇಷ ತೊಡಿಸಿ ಕಳುಹಿಸಿದ ಅವನಿಂದ, ಬರೆಯಬೇಕೆಂಬ ಹಂಬಲವುಳ್ಳ ನನ್ನ ಗೆಳೆಯರು ಕಲಿಯುವುದು ಬಹಳವಿದೆ. ಡಿವಿಡಿಗಳನ್ನು ಒರೆಸಿ, ಅಟ್ಟಕ್ಕಲ್ಲ, ನನ್ನ ಪುಸ್ತಕಗಳ ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ. ನೋಡಬೇಕೆನ್ನುವವರು ಕೇಳಿ ಒಯ್ಯಬಹುದು.