ಮೇಬಲ್ ಬೆಲ್: ತುಟಿ ಓದುವುದರಲ್ಲಿ ಪಳಗಿದವರಿಗೂ ಇದ್ದ ಮಿತಿ

ಪುಣೆ ಬಳಿಯ ರಾಂಜಣಗಾಂವದಲ್ಲಿ ಔಷಧಿ ಅಂಗಡಿಗೆ ಬರುವ ಕೆಲವರು, ತಮ್ಮ ತಂದೆಗೆ ಕಿವಿ ಕೇಳದಿದ್ದರೂ ತುಟಿ ನೋಡಿ ಎಲ್ಲ ತಿಳಿದುಕೊಳ್ಳುತ್ತಾರೆ ಎಂದು ಹೇಳುವುದುಂಟು. ಆ 'ಎಲ್ಲ' ಎಷ್ಟು ಎಂದು ತಿಳಿಯಲು ಮೇಬಲ್ ಹಬ್ಬರ್ಡ್ ಬೆಲ್ ಅವರ ಬದುಕನ್ನು ನೋಡಬೇಕು.

ಇವರು ಟೆಲಿಫೋನ್ ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಪತ್ನಿ. ಹುಟ್ಟಿದ್ದು 1857ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. ಐದು ವರ್ಷದ ಆಸುಪಾಸಿನಲ್ಲಿ ಸ್ಕಾರ್ಲೆಟ್ ಜ್ವರ ಬಂದು ಕಿವಿ ಪೂರ್ತಿ ಹೋಯಿತು. (ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದಿಂದ ಬರುವ ಈ ಜ್ವರಕ್ಕೆ ಇಂದು ಪೆನಿಸಿಲಿನ್ ಗುಂಪಿನ ಔಷಧಿಗಳಿವೆ. ಆಗ ಇರಲಿಲ್ಲ.) ಆದರೆ ಅಷ್ಟರಲ್ಲಿ ಮಗು ಮಾತು ಕಲಿತಾಗಿತ್ತು. ಈ ಸಂಗತಿಯನ್ನು ನೆನಪಿಡಿ.

ತಂದೆ ಶ್ರೀಮಂತ ವಕೀಲರು. ಸನ್ನೆ ಭಾಷೆ ಬೇಡವೆಂದು ಮನೆಯಲ್ಲೇ ಪಾಠ ಹೇಳಿಸಿದರು. ಹುಡುಗಿ ತುಟಿ ಓದುವುದರಲ್ಲಿ ಎಷ್ಟು ಪಳಗಿದಳೆಂದರೆ ಜರ್ಮನ್ ಮಾತನ್ನೂ ಹಾಗೇ ಗ್ರಹಿಸುತ್ತಿದ್ದಳು. 1873ರಲ್ಲಿ ಉಚ್ಚಾರಣೆ ಕಲಿಸಲು ಬೆಲ್ ಬಂದರು, 1877ರಲ್ಲಿ ಮದುವೆಯಾಯಿತು. ಬೆಲ್ ಹತ್ತು ಷೇರು ಮಾತ್ರ ಇಟ್ಟುಕೊಂಡು ತಮ್ಮ ಪಾಲಿನ ಉಳಿದ ಟೆಲಿಫೋನ್ ಷೇರುಗಳನ್ನೆಲ್ಲ ಹೆಂಡತಿಗೆ ಉಡುಗೊರೆ ಕೊಟ್ಟರು. ಆ ಯಂತ್ರದಲ್ಲಿ ಗಂಡನ ದನಿ ಕೇಳುವುದು ಮಾತ್ರ ಅವರಿಗೆ ಸಾಧ್ಯವಿರಲಿಲ್ಲ.

ಇಂಗ್ಲಿಷಿನ ಧ್ವನಿಗಳಲ್ಲಿ ತುಟಿಯ ಮೇಲೆ ಸ್ಪಷ್ಟವಾಗಿ ಕಾಣುವುದು ಸುಮಾರು 30ರಿಂದ 40 ಶೇಕಡಾ ಎಂಬುದು ಸಾಮಾನ್ಯ ಅಂದಾಜು. ಕನ್ನಡದಲ್ಲೂ ಇದೇ ತೊಡಕು. ಕನ್ನಡಿಯ ಮುಂದೆ ನಿಂತು, ದನಿ ತೆಗೆಯದೆ ಪಾಡು, ಬಾಡು, ಮಾಡು ಎಂದು ಹೇಳಿ ನೋಡಿ, ಮೂರೂ ಒಂದೇ. ಕ, ಗ ಬಾಯಿಯ ಹಿಂಭಾಗದಲ್ಲಿ ಹುಟ್ಟುವುದರಿಂದ ಕಾಣುವುದೇ ಇಲ್ಲ. ಉಳಿದದ್ದನ್ನು ಸಂದರ್ಭ ನೋಡಿ ಊಹಿಸಬೇಕು. 1895ರಲ್ಲಿ ಈ ವಿದ್ಯೆಯ ಬಗ್ಗೆ ಬರೆದ ಮೇಬಲ್ ಕೂಡ ಕಣ್ಣಿಗಿಂತ ಬುದ್ಧಿಯ ಕೆಲಸಕ್ಕೇ ಒತ್ತು ಕೊಟ್ಟರು. ಊಹಿಸಲು ಭಾಷೆ ಮೊದಲೇ ಗೊತ್ತಿರಬೇಕು. ಅವರಿಗೆ ಗೊತ್ತಿತ್ತು, ಹುಟ್ಟಿನಿಂದಲೇ ಕೇಳದ ಮಕ್ಕಳಿಗೆ ಇದು ಎಷ್ಟೋ ಪಾಲು ಕಷ್ಟ.

ಬೆಲ್ ಇದನ್ನು ಸಾಕಷ್ಟು ಗಮನಿಸಲಿಲ್ಲ ಎಂದೇ ನನಗನಿಸುತ್ತದೆ. ಶಾಲೆಗಳಲ್ಲಿ ಸನ್ನೆ ಭಾಷೆಯನ್ನು ಅವರು ವಿರೋಧಿಸಿದರು. 1880ರ ಮಿಲಾನ್ ಸಮ್ಮೇಳನದ ನಂತರ ಅನೇಕ ದೇಶಗಳ ಶಾಲೆಗಳು ಸನ್ನೆಯನ್ನು ಹೊರಹಾಕಿದವು. ಮೇಬಲ್ ಕೂಡ ತಮ್ಮ ಕಿವುಡುತನ ಹೊರಗಿನವರಿಗೆ ತಿಳಿಯದಂತೆ ಬಹುಕಾಲ ನಡೆದುಕೊಂಡರು.

1922ರ ಆಗಸ್ಟ್‌ನಲ್ಲಿ ಬೆಲ್ ಕೊನೆಯುಸಿರೆಳೆಯುವಾಗ, ಬಿಟ್ಟು ಹೋಗಬೇಡಿ ಎಂದ ಹೆಂಡತಿಗೆ ಇಲ್ಲ ಎಂಬ ಉತ್ತರವನ್ನು ಬೆರಳ ಸನ್ನೆಯಿಂದ ಕೊಟ್ಟರೆಂದು ಜೀವನಚರಿತ್ರೆಗಳಲ್ಲಿದೆ. ಮುಂದಿನ ಜನವರಿಯಲ್ಲಿ ಮೇಬಲ್ ಕೂಡ ತೀರಿಕೊಂಡರು.

ಔಷಧಿ ಅಂಗಡಿಯಲ್ಲಿ ಮಾಸ್ಕ್, ಗಾಜು, ಮಂದ ಬೆಳಕು ಎಲ್ಲವೂ ಅಡ್ಡ ಬರುತ್ತವೆ. ಫಿಫ್ಟೀನ್, ಫಿಫ್ಟಿ ಎಂಬ ಮಿಲಿಗ್ರಾಂ ಲೆಕ್ಕ ತುಟಿಯ ಮೇಲೆ ಹೆಚ್ಚುಕಡಿಮೆ ಒಂದೇ ಥರ. ಆದ್ದರಿಂದ ಎಷ್ಟು, ಯಾವಾಗ, ಊಟಕ್ಕೆ ಮುಂಚೆಯೋ ನಂತರವೋ ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಅರ್ಥವಾಯಿತೇ ಎಂದು ಕೇಳಿದರೆ ಹಿರಿಯರು ಸಂಕೋಚದಿಂದ ತಲೆಯಾಡಿಸಿಬಿಡುತ್ತಾರೆ. ಮಾತ್ರೆ ಹೇಗೆ ತೆಗೆದುಕೊಳ್ಳುತ್ತೀರಿ ಎಂದು ಅವರ ಬಾಯಿಂದಲೇ ಹೇಳಿಸಿ.